ಹನ್ನೊಂದು ಗಂಟೆಯ ಮುಯ್ಯಾಳು

ನೇತ್ರಾಳಿಗೆ ಕೆಲಸ ಸಿಕ್ಕಿತೆಂದು ಕೇಳಿದಾಗ ರೂಪಶ್ರೀ ಫೋನಿನಲ್ಲಿ ಮೊದಲು ಆಡಿದ ಮಾತು ‘ಕಂಗ್ರಾಟ್ಸ್ ಕಣೇ’, ಎರಡನೆಯದು ‘ನಂಗಂತೂ ತುಂಬ ಖುಷಿ ಆಯ್ತು’. ಎರಡೂ ಸುಳ್ಳು. ಖುಷಿಯಾಗಿದ್ದರೆ ಕೈಯಲ್ಲಿದ್ದ ಹೊಗೆಸೊಪ್ಪಿನ ಎಲೆಯನ್ನು ಅಷ್ಟು ಬಿಗಿಯಾಗಿ ಹಿಸುಕುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ತಾಯಿ ಅನಸೂಯಮ್ಮ ಎಲೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು, “ಸೊಪ್ಪಿನ್ ಮ್ಯಾಲೆ ಯಾಕವ್ವ ನಿನ್ ಕ್ವಾಪ” ಎಂದಳು.

ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ದಾರಿಯಲ್ಲಿ ಇವರ ಊರು. ಮಳೆಗಾಲದ ನಡುವೆ ಆ ಕಡೆಯ ಮನೆಗಳ ಮುಂದೆಲ್ಲ ಒಂದೇ ಕೆಲಸ. ಹೊಲದಿಂದ ಮುರಿದು ತಂದ ಹೊಗೆಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಬೇಕು, ಕಟ್ಟಿದ್ದನ್ನು ಬ್ಯಾರನ್ ಎಂದು ಕರೆಯುವ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಬೇಕು, ಕೆಳಗೆ ಕೊಳವೆಗಳಲ್ಲಿ ಬೆಂಕಿಯ ಕಾವು ಕೊಟ್ಟು ಬೇಯಿಸಬೇಕು. ಹಾಸನದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿ ಇಡೀ ತರಗತಿಗೆ ಮೊದಲಿಗಳಾಗಿ ಪಾಸಾದ ರೂಪಶ್ರೀ, ಪಾಸಾಗಿ ವರ್ಷವಾದ ಮೇಲೆ, ಅಂಗಳದಲ್ಲಿ ಕಾಲು ಚಾಚಿ ಕೂತು ಸೊಪ್ಪು ಕಟ್ಟುತ್ತಿದ್ದಳು. ಸೊಪ್ಪು ಕಟ್ಟುವುದು ಅವಮಾನದ ಕೆಲಸವೇನಲ್ಲ. ಅವಳಪ್ಪ ಚನ್ನಪ್ಪ ಅದರಿಂದಲೇ ಅವಳನ್ನು ಓದಿಸಿದ್ದ. ಆದರೆ ನೇತ್ರಾಳಿಗೆ ಕೆಲಸ ಸಿಕ್ಕ ದಿನ ಕಟ್ಟುವುದು ಮಾತ್ರ ಅವಳಿಗೆ ಅವಮಾನವೆನ್ನಿಸಿತು.

ನೇತ್ರಾ ಚನ್ನರಾಯಪಟ್ಟಣದ ದಿನಸಿ ಅಂಗಡಿಯ ಚನ್ನಬಸವಯ್ಯನವರ ಮಗಳು. ಹಾಸನದ ಪಿಜಿಯಲ್ಲಿ ನಾಲ್ಕು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಅವಳ ಲ್ಯಾಬ್ ಪ್ರೋಗ್ರಾಂಗಳಲ್ಲಿ ಅರ್ಧಕ್ಕರ್ಧ ಬರೆದುಕೊಟ್ಟವಳು ರೂಪಶ್ರೀ. ರೂಪಶ್ರೀಯ ಇಂಗ್ಲಿಷ್ ತಿದ್ದಿ, ಸೆಮಿನಾರಿಗೆ ಹೇಗೆ ನಿಂತು ಮಾತಾಡಬೇಕೆಂದು ಹೇಳಿಕೊಟ್ಟವಳು ನೇತ್ರಾ. ಇದಕ್ಕೆ ಅವರಿಬ್ಬರೂ ಇಟ್ಟುಕೊಂಡಿದ್ದ ಹೆಸರು ಮುಯ್ಯಾಳು. ಅದು ರೂಪಶ್ರೀಯ ಮನೆಯಿಂದ ಬಂದ ಮಾತು. ಇವತ್ತು ನಿಮ್ಮ ಮನೆಯ ಸೊಪ್ಪಿಗೆ ನಾನು ಬಂದರೆ ನಾಳೆ ನಮ್ಮ ಮನೆಯದಕ್ಕೆ ನೀವು ಬರಬೇಕು. ಕೂಲಿ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಆದರೆ ಕರೆದ ದಿನ ಇಲ್ಲ ಎನ್ನುವಂತಿಲ್ಲ. ಮನೆಗೆ ನೆಂಟರು ಬಂದಿದ್ದರೆ ಅವರ ಕೈಗೇ ಸೌಟು ಕೊಟ್ಟು ಹೊರಡಬೇಕು. ಅನಸೂಯಮ್ಮ ಒಮ್ಮೆ ಜ್ವರದಲ್ಲೂ ತಲೆಗೆ ಬಟ್ಟೆ ಸುತ್ತಿಕೊಂಡು ಮುಯ್ಯಾಳಿಗೆ ಹೋಗಿ ಬಂದದ್ದನ್ನು ರೂಪಶ್ರೀ ನೋಡಿದ್ದಳು.

ನೇತ್ರಾಳಿಗೆ ಸಿಕ್ಕಿದ್ದು ಬೆಂಗಳೂರಿನ ಗಾಜಿನ ಕಟ್ಟಡದ ಕೆಲಸವೇನೂ ಅಲ್ಲ. ಹಾಸನದಲ್ಲೇ ಒಂದು ಮೂರನೇ ಮಹಡಿಯಲ್ಲಿ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಟೆಸ್ಟರ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ‘ಅದೂ ಒಂದು ಕೆಲಸವಾ, ನನಗೆ ಕೊಟ್ಟಿದ್ದರೂ ಬೇಡ ಅಂತಿದ್ದೆ’ ಎಂದು ರೂಪಶ್ರೀ ತನಗೆ ತಾನೇ ಹೇಳಿಕೊಂಡಳು. ಕೊಟ್ಟಿದ್ದರೆ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದಳು, ಅದು ಬೇರೆ ಮಾತು. ಈ ವರ್ಷ ಅವಳು ಹಾಕದ ಅರ್ಜಿಯಿಲ್ಲ, ಬರೆಯದ ಆನ್‌ಲೈನ್ ಟೆಸ್ಟ್ ಇಲ್ಲ. ಪ್ರೋಗ್ರಾಂ ಬರೆಯಲು ಈಗ ಹೊಸಬರು ಬೇಡ, ಯಂತ್ರವೇ ಬರೆಯುತ್ತದೆ ಎಂದು ಒಬ್ಬರು ಮುಖಕ್ಕೇ ಹೇಳಿ ಕಳಿಸಿದ್ದರು. ಡಿಸೆಂಬರಿನಲ್ಲಿ ಒಂದು ಕಡೆ ಕೊನೆಯ ಸುತ್ತಿನವರೆಗೆ ಹೋಗಿದ್ದಳು. ಆಗ ನೇತ್ರಾ ಒಂದು ವಾರ ತನ್ನ ಹುಡುಕಾಟ ಬಿಟ್ಟು ಬಂದು ಅವಳಿಗೆ ಇಂಟರ್ವ್ಯೂ ಅಭ್ಯಾಸ ಮಾಡಿಸಿದ್ದಳು. ಆದರೂ ಕೆಲಸ ಆಗಿರಲಿಲ್ಲ.

ಮುಂದಿನ ದಿನಗಳಲ್ಲಿ ನೇತ್ರಾಳ ವಾಟ್ಸಾಪ್ ಸ್ಟೇಟಸ್ಸೇ ರೂಪಶ್ರೀಯ ದೊಡ್ಡ ಶತ್ರುವಾಯಿತು. ಕೊರಳಿಗೆ ಹಾಕಿಕೊಂಡ ಐಡಿ ಕಾರ್ಡು ಒಂದು ದಿನ, ತಿರುಗುವ ಕುರ್ಚಿ ಒಂದು ದಿನ, ‘ಟೀಮ್ ಲಂಚ್’ ಎಂದು ಬಿರಿಯಾನಿ ಪಕ್ಕದಲ್ಲಿ ತನ್ನ ಮೊಸರನ್ನ ಒಂದು ದಿನ. ನೋಡಬಾರದೆಂದು ಶಪಥ ಮಾಡಿ ನೋಡುತ್ತಿದ್ದಳು. ನೋಡಿದರೆ ನೋಡಿದವರ ಹೆಸರು ಅವಳಿಗೆ ಕಾಣುತ್ತದಲ್ಲ ಎಂದು ಮತ್ತೆ ಉರಿದುಕೊಳ್ಳುತ್ತಿದ್ದಳು. ಕೊನೆಗೆ ಅಪ್ಪನ ಫೋನಿನಿಂದ ನೋಡತೊಡಗಿದಳು. ಚನ್ನಪ್ಪನಿಗೆ ಇದೊಂದೂ ತಿಳಿಯದು. ಚನ್ನರಾಯಪಟ್ಟಣದ ಹುಡುಗಿಯ ಮೊಸರನ್ನವನ್ನು ತಾನು ದಿನಾ ನೋಡುತ್ತಿರುವುದು ಆ ಹುಡುಗಿಗೆ ಕಾಣುತ್ತದೆಂಬುದಂತೂ ತಿಳಿಯಲೇ ತಿಳಿಯದು.

ತಿಂಗಳು ಕಳೆದ ಮೇಲೆ ಒಂದು ಗುರುವಾರ ನೇತ್ರಾಳೇ ಫೋನ್ ಮಾಡಿದಳು.

“ಒಂದು ವಿಷಯ ಹೇಳ್ಬೇಕಿತ್ತು ಕಣೇ. ಅದಕ್ಕೆ ಮುಂಚೆ ನಿಂದು ಹೇಳು. ಏನಾದ್ರೂ ಆಯ್ತಾ?”

ಏನಾದರೂ ಆಯಿತಾ ಎಂದು ರೂಪಶ್ರೀಯನ್ನು ಡೈರಿಗೆ ಹಾಲು ಹಾಕಲು ಬಂದವರು ಕೇಳಿದ್ದರು, ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳಿದ್ದರು, ನೆರೆಮನೆಯ ಕಣ್ಣು ಕಾಣದ ಮಂಚಯ್ಯಜ್ಜ ಕೂಡ ಕೇಳಿದ್ದ. ಅವರಿಗೆಲ್ಲ ಇಲ್ಲ ಎಂದು ಹೇಳಿ ಅಭ್ಯಾಸವಾಗಿತ್ತು. ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡ ನೇತ್ರಾಳಿಗೆ ಇಲ್ಲ ಎನ್ನಲು ಮಾತ್ರ ಅವಳ ನಾಲಿಗೆ ಒಪ್ಪಲಿಲ್ಲ.

“ಆಯ್ತಲ್ಲ” ಎಂದಳು. “ಮೈಸೂರಿನ ಕಂಪನಿ. ಮನೇಯಿಂದ್ಲೇ ಕೆಲಸ. ಮೊನ್ನೆ ಸೋಮವಾರ ಶುರುವಾಯ್ತು.”

“ನಿಜವಾಗ್ಲೂ?”

“ಯಾಕೆ, ನಂಗೆ ಸಿಗಬಾರ್ದಾ?”

“ಹಂಗಲ್ಲ ಕಣೇ. ಒಳ್ಳೇದಾಯ್ತು ಬಿಡು.”

“ಏನೋ ಹೇಳ್ಬೇಕು ಅಂದ್ಯಲ್ಲ.”

“ಅದೇ, ನಮ್ಮ ಆಫೀಸಲ್ಲಿ ಇನ್ನೊಂದು ಟೆಸ್ಟರ್ ಕೆಲಸ ಖಾಲಿ ಆಗಿದೆ. ಕೆಲಸದಲ್ಲಿ ಇರೋರು ಒಬ್ಬೊಬ್ರು ಒಂದೊಂದು ಹೆಸರು ಕೊಡ್ಬೌದು. ಹೆಸರು ಕೊಟ್ರೆ ಇಂಟರ್ವ್ಯೂಗಂತೂ ಕರೀತಾರೆ.” ನೇತ್ರಾ ಇಲ್ಲಿ ತಡವರಿಸಿದಳು. ಮತ್ತೆ ಹೇಳಿದಳು. “ನಮ್ಮ ಪಿಜೀಲಿ ಜೂನಿಯರ್ ಇದ್ಲಲ್ಲ, ಹೊಳೆನರಸೀಪುರದ ನಿಧಿ. ಈ ವರ್ಷ ಮುಗಿಸಿದ್ಲು. ಅವಳ ಹೆಸರು ಕೊಡೋಣ ಅಂತ.”

ರೂಪಶ್ರೀ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು. ಒಂದು ನಿಮಿಷ ಮೊದಲು ಬಾಯಿ ಮುಚ್ಚಿಕೊಂಡಿದ್ದರೆ ಆ ಹೆಸರು ತನ್ನದಾಗುತ್ತಿತ್ತೇ? ಇಲ್ಲ, ಇವಳು ಮೊದಲೇ ನಿಧಿ ಎಂದು ತೀರ್ಮಾನಿಸಿಕೊಂಡೇ ಫೋನ್ ಮಾಡಿದ್ದಾಳೆ, ತನ್ನ ಕಷ್ಟ ಕೇಳಿ ಸಂತೋಷಪಡಲು ಮಾತ್ರ ‘ನಿಂದು ಏನಾಯ್ತು’ ಎಂದದ್ದು. ಹೊಟ್ಟೆಕಿಚ್ಚಿಗೆ ಇಂಥ ಲೆಕ್ಕಗಳು ಬಹಳ ಬೇಗ ಹೊಳೆಯುತ್ತವೆ. ಸುಮ್ಮನೆ ತಮಾಷೆ ಮಾಡಿದೆ, ನನಗಿನ್ನೂ ಆಗಿಲ್ಲ ಎಂದುಬಿಡಲು ಇನ್ನೂ ಹೊತ್ತಿತ್ತು. ಆದರೆ ಆಡಿದ ಸುಳ್ಳು ಬಿಸಿತುಪ್ಪವಾಗಿ ಬಾಯಲ್ಲಿ ಕೂತಿತ್ತು. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

“ಡಿಸೆಂಬರಲ್ಲಿ ನಿಂಗೆ ನಾನು ಒಂದು ವಾರ ಬಂದಿದ್ನಲ್ಲ, ಆ ಮುಯ್ಯಿ ಈಗ ತೀರಿಸ್ಬುಡು” ಎಂದಳು ನೇತ್ರಾ. “ಸೋಮವಾರದಿಂದ ಬಿಡುವಾದಾಗ ನಿಧಿಗೆ ಅಭ್ಯಾಸ ಮಾಡ್ಸು. ನಂಗೆ ರಜ ಸಿಗಲ್ಲ. ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಹತ್ರ ಅವರಪ್ಪಂದು ಜೆರಾಕ್ಸ್ ಅಂಗಡಿ. ನಮ್ಮಲ್ಲಿ ಟೆಸ್ಟ್ ಕೇಸ್ ಬರೆಸ್ತಾರೆ, ಅದನ್ನ ಚೆನ್ನಾಗಿ ಹೇಳ್ಕೊಡು. ಬೇರೇದನ್ನ ಅಷ್ಟು ಕೇಳಲ್ಲ.”

ಮುಯ್ಯಿ ಎಂಬ ಮಾತು ಬಂದ ಮೇಲೆ ರೂಪಶ್ರೀಯ ಬಾಯಿ ತಾನಾಗಿಯೇ ಹೂಂ ಎಂದಿತು.

ಸೋಮವಾರ ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಹೊಳೆನರಸೀಪುರದಲ್ಲಿ ಇಳಿದಾಗ ಹನ್ನೊಂದು ಗಂಟೆ. ನಿಧಿಯ ಅಪ್ಪ ದೇವರಾಜು ಆಧಾರ್ ಕಾರ್ಡು ಹಿಡಿದು ನಿಂತವರನ್ನು ಪಕ್ಕಕ್ಕೆ ಸರಿಸಿ, “ಬನ್ನಿ ಮೇಡಂ, ನೇತ್ರಮ್ಮ ಯೋಳಿದ್ರು” ಎಂದು ದಾರಿ ಬಿಡಿಸಿಕೊಟ್ಟ. ಹಿಂದಿನ ಸಣ್ಣ ಕೋಣೆಯಲ್ಲಿ ಕಾಗದದ ಬಂಡಲುಗಳ ನಡುವೆ ಒಂದು ಕಂಪ್ಯೂಟರು, ಎರಡು ಸ್ಟೂಲು. ನಿಧಿ ಎದ್ದು ನಿಂತು, ‘ಕೂತ್ಕೊಳಿ ರೂಪಕ್ಕ’ ಎಂದು ಗಟ್ಟಿಯಾಗಿದ್ದ ಸ್ಟೂಲನ್ನು ಇವಳಿಗೆ ಬಿಟ್ಟು ಅಲ್ಲಾಡುವುದನ್ನು ತಾನು ಎಳೆದುಕೊಂಡಳು. ಹುಡುಗಿ ಇಷ್ಟು ಒಳ್ಳೆಯವಳಾಗಿರದಿದ್ದರೆ ರೂಪಶ್ರೀಗೆ ಕೆಲಸ ಸುಲಭವಾಗುತ್ತಿತ್ತು.

ಅವಳು ಟೆಸ್ಟ್ ಕೇಸಿನ ಮಾತೇ ಎತ್ತಲಿಲ್ಲ. ಕಾಲೇಜಿನಲ್ಲಿ ಯಾರಿಗೂ ಅರ್ಥವಾಗದ, ತನಗೊಬ್ಬಳಿಗೇ ಬರುತ್ತಿದ್ದ ಕಷ್ಟದ ಪ್ರೋಗ್ರಾಂಗಳನ್ನು ಹೊರತೆಗೆದಳು. ಮರದಂತೆ ಕವಲೊಡೆಯುವ ಲೆಕ್ಕಗಳು, ಒಂದರೊಳಗೊಂದು ಸುತ್ತುವ ಲೂಪುಗಳು. ನಿಧಿಯ ಹಣೆ ಬೆವರಿತು. ನೋಡಿ ರೂಪಶ್ರೀಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಹುಡುಗಿ ಬಿಡುವವಳಲ್ಲ, ಎರಡು ಗಂಟೆಯ ಹೊತ್ತಿಗೆ ಒಂದನ್ನು ಸರಿಮಾಡಿ ತೋರಿಸಿದಳು. ‘ಎಷ್ಟು ಚೆನ್ನಾಗಿ ಹೇಳ್ಕೊಡ್ತೀರ ಅಕ್ಕ’ ಎಂದು ಬೇರೆ ಅಂದಳು. ರೂಪಶ್ರೀ ನೀರು ಕುಡಿದು ಬಸ್ಸು ಹತ್ತಿದಳು.

ಸಂಜೆ ನೇತ್ರಾಳ ಫೋನು ಬಂತು.

“ಹೋಗಿದ್ಯಂತೆ. ಎಷ್ಟೊತ್ತಿಗೆ?”

“ಹನ್ನೊಂದಕ್ಕೆ. ಎರಡರ ತಂಕ ಕೂತಿದ್ದೆ. ನಾಳೆನೂ ಅಷ್ಟೊತ್ತಿಗೇ ಬತ್ತೀನಿ ಅಂದಿದ್ದೀನಿ.”

ನೇತ್ರಾ ಮೆಲ್ಲಗೆ, “ರೂಪಾ, ನಂಗೆ ಏನಾದ್ರೂ ಹೇಳೋದು ಇದೆಯಾ?” ಎಂದಳು.

“ಹೇಳೋದೇನು, ಹುಡುಗಿ ಪರವಾಗಿಲ್ಲ.”

ಮಂಗಳವಾರ ಸಂಜೆಯೂ ಅದೇ ಪ್ರಶ್ನೆ, ಬುಧವಾರವೂ ಅದೇ. ಏನಾದ್ರೂ ಹೇಳೋದಿದೆಯಾ. ರೂಪಶ್ರೀಗೆ ಮೈ ಉರಿಯಿತು. ಕೆಲಸ ಸಿಕ್ಕಿದ್ದೇ ತಡ ಸೂಪರ್‌ವೈಸರಳ ಹಾಗೆ ದಿನಾ ವರದಿ ಕೇಳುತ್ತಾಳಲ್ಲ. ತಾನು ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಪಾಸಾದವಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಗಾದೆಯನ್ನೂ ನೆನೆಸಿಕೊಂಡಳು. ನೇತ್ರಾಳಿಗೆ ಐಶ್ವರ್ಯ ಹೊಸದಲ್ಲ, ಅವಳಪ್ಪನ ಅಂಗಡಿ ಚೆನ್ನಾಗಿಯೇ ನಡೆಯುತ್ತದೆ, ಆದರೂ ಗಾದೆ ಹಿತವಾಗಿತ್ತು.

ಆ ಬುಧವಾರವೇ ನಿಧಿ ಕೆಲಸದ ನಡುವೆ ತಲೆಯೆತ್ತಿ, “ಅಕ್ಕ, ನಂಗೆ ಈ ಕೆಲಸ ಆಗುತ್ತೋ ಇಲ್ವೋ ಗೊತ್ತಿಲ್ಲ” ಎಂದಳು.

“ಯಾಕೆ?”

“ನೇತ್ರಕ್ಕ ಇನ್ನೂ ನನ್ನ ಹೆಸರು ಕಳ್ಸಿಲ್ಲ. ನನಗಿಂತ ಮೊದ್ಲು ಇನ್ಯಾರೋ ಒಬ್ರು ಅವ್ರಂತೆ. ಅವ್ರು ಬೇಕು ಅಂದ್ರೆ ಅವ್ರದ್ದೇ ಕಳಿಸ್ತೀನಿ, ಬೇಜಾರ್ ಮಾಡ್ಕೋಬೇಡ, ಶುಕ್ರವಾರ ಐದು ಗಂಟೆ ತಂಕ ಕಾಯ್ತೀನಿ ಅಂತ ನೆನ್ನೆ ಹೇಳಿದ್ರು.”

ಈಗ ರೂಪಶ್ರೀಗೆ ಕರುಬಲು ಮೂರನೆಯವರೊಬ್ಬರು ಸಿಕ್ಕಿದರು. ನೇತ್ರಾಳಿಗೆ ಕೆಲಸ ಆಗಿಹೋಗಿದೆ, ನಿಧಿಗೆ ಆಗುವುದರಲ್ಲಿದೆ, ಇವರಿಬ್ಬರ ನಡುವೆ ಬಂದು ಕೂತಿರುವ ಈ ಮಹಾಶಯರು ಯಾರು? ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಅದನ್ನೇ ಯೋಚಿಸಿದಳು. ಅರಕಲಗೂಡು ಬರುವಷ್ಟರಲ್ಲಿ ಪತ್ತೆಯಾಯಿತು. ನೇತ್ರಾಳ ಚಿಕ್ಕಪ್ಪನ ಮಗ ರಜನೀಶ. ಅವನೂ ಕಂಪ್ಯೂಟರ್ ಓದಿದವನು, ಎರಡು ವಿಷಯ ಉಳಿಸಿಕೊಂಡವನು. ಎರಡು ವಿಷಯ ಫೇಲಾದವನಿಗಾಗಿ ಶುಕ್ರವಾರದವರೆಗೆ ಕಾಯುವಳು, ತರಗತಿಗೇ ಮೊದಲಿಗಳಾದ ತನ್ನನ್ನು ಒಂದು ಮಾತು ಕೇಳಲಿಲ್ಲ. ‘ಏನಾದ್ರೂ ಆಯ್ತಾ’ ಎಂದು ಕೇಳಿದ್ದಕ್ಕೆ ತಾನು ಏನು ಹೇಳಿದ್ದೆ ಎಂಬುದನ್ನು ಅವಳು ಆ ಹೊತ್ತಿಗೆ ಮರೆತೇಬಿಟ್ಟಿದ್ದಳು. ಮುಖ ನೋಡದ ಆ ಒಬ್ಬರ ಮೇಲೆ ಅವಳಿಗೆ ನೇತ್ರಾಳ ಮೇಲಿದ್ದುದಕ್ಕಿಂತ ಹೆಚ್ಚು ಹೊಟ್ಟೆಯುರಿಯಿತು.

ಗುರುವಾರ ಹೊಳೆನರಸೀಪುರದಿಂದ ಬಂದಾಗ ಮನೆಯಲ್ಲಿ ರಂಪವೆದ್ದಿತ್ತು. ಬ್ಯಾರನ್ನಿನಲ್ಲಿ ಏರಿಸಿದ ಕಡ್ಡಿಗಳನ್ನೆಲ್ಲ ಚನ್ನಪ್ಪ ಮತ್ತೆ ಕೆಳಗಿಳಿಸುತ್ತಿದ್ದ. ಅನಸೂಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದಳು.

“ಮಂಚಯ್ಯನ ಸೊಸೆ ಕಣವ್ವ. ಮುಯ್ಯಾಳಿಗ್ ಬಂದು ಕಾಟಾಚಾರಕ್ಕೆ ಕಟ್ಟೋಗವ್ಳೆ. ಕಡ್ಡಿ ಎತ್ತುದ್ರೆ ಎಲೆ ಉದುರ್ತಾವೆ. ನಿಮ್ಮಪ್ಪ ನೋಡ್ದಿದ್ರೆ, ಬೆಂಕಿ ಕೊಳ್ವೆ ಮ್ಯಾಲೆ ಎಲೆ ಬಿದ್ದು ಬ್ಯಾರನ್ನೇ ಉರ್ದೋಗದು. ಬರಾಕ್ ಮನ್ಸಿಲ್ದಿದ್ರೆ ಬರಾಕಿಲ್ಲ ಅನ್ನದಪ್ಪ. ಬಂದು ಕೂತು, ಉಂಡು, ನಗ್‌ನಗ್ತಾ ಮಾತಾಡ್ಕಂಡು ಇಂಗಾ ಮಾಡದು? ಅವ್ಳಿಗೇನ್ ನಮ್ ಮ್ಯಾಲೆ ಒಟ್ಟೆಕಿಚ್ಚು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ರೂಪಶ್ರೀಯ ಮುಖ ಕೆಂಪಾಯಿತು. ಚಪ್ಪಲಿ ಬಿಟ್ಟು ನೇರವಾಗಿ ಅಂಗಳಕ್ಕೆ ಹೋಗಿ, ಸಡಿಲವಾದ ಕಡ್ಡಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿ ಕಟ್ಟತೊಡಗಿದಳು.

“ಬಸ್ಸಿಳ್ದು ಬಂದಿದ್ದೀಯ, ಕಾಪಿ ಕುಡಿ ಓಗು. ನಿನ್ನೇನಾರ ಅಂದ್ನಾ?” ಎಂದಳು ಅನಸೂಯಮ್ಮ.

“ಇಲ್ಲ ಕಣವ್ವ.”

ನಾಚಿಕೆಯಾಗಿತ್ತು. ಮಂಚಯ್ಯನ ಸೊಸೆ ಸೊಪ್ಪು ಸಡಿಲ ಕಟ್ಟಿದ್ದಳು, ತಾನು ನಾಲ್ಕು ದಿನದಿಂದ ಒಂದು ಹುಡುಗಿಯ ತಲೆಗೆ ಬೇಡದ್ದನ್ನೆಲ್ಲ ತುಂಬುತ್ತಿದ್ದಳು. ಕೆಲಸ ನಿಧಿಗೆ ಸಿಗದಿದ್ದರೆ ತನಗೇನೂ ಸಿಗುವುದಿಲ್ಲ. ಅದು ಗೊತ್ತಿದ್ದೂ ಮಾಡಿದ್ದಳು. ಹಾಗೆಂದು ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡಿ. ಅದು ಇದ್ದಲ್ಲೇ ಇತ್ತು, ಅದರ ಪಕ್ಕದಲ್ಲಿ ನಾಚಿಕೆಯೂ ಬಂದು ಕೂತಿತ್ತು.

ಶುಕ್ರವಾರ ಹನ್ನೊಂದಕ್ಕೆ ಹೋದವಳೇ, “ಇದುವರ್ಗೂ ಬರೆದಿದ್ದೆಲ್ಲ ಪಕ್ಕಕ್ಕಿಡು” ಎಂದಳು. “ಟೆಸ್ಟ್ ಕೇಸ್ ಅಂದ್ರೇನು ಹೇಳು.”

ನಿಧಿ ಪುಸ್ತಕದಲ್ಲಿದ್ದ ಒಂದು ಸಾಲು ಒಪ್ಪಿಸಿದಳು.

“ಅದು ಬೇಡ. ನಿಮ್ಮಪ್ಪನ ಜೆರಾಕ್ಸ್ ಮಿಷನ್ ನೋಡು. ಅದು ಎಲ್ಲೆಲ್ಲಿ ಕೈಕೊಡ್ಬೌದು? ಒಂದೊಂದಾಗಿ ಹೇಳು. ಕೈಕೊಡೋಕೆ ಮುಂಚೇನೇ ನಾವೇ ಅದನ್ನ ಹೆಂಗೆ ಪರೀಕ್ಷೆ ಮಾಡ್ಬೌದು, ಅದು ಹೇಳು.”

ಕಾಗದ ಮುಗಿದರೆ ಎಂದು ನಿಧಿ ಶುರುಮಾಡಿದಳು. ಕಾಗದ ಒದ್ದೆಯಿದ್ದರೆ. ಎರಡು ಹಾಳೆ ಒಟ್ಟಿಗೆ ಒಳಗೆ ಹೋದರೆ. ಕರೆಂಟು ನಡುವೆ ಹೋದರೆ. ನೂರು ಪ್ರತಿ ಎಂದು ಒತ್ತಬೇಕಾದವರು ಸಾವಿರ ಎಂದು ಒತ್ತಿದರೆ. ಗಿರಾಕಿ ತನ್ನ ಆಧಾರ್ ಕಾರ್ಡನ್ನು ಮಿಷನ್ನಿನೊಳಗೇ ಮರೆತು ಹೋದರೆ. ಕೊನೆಯದನ್ನು ಕೇಳಿ ರೂಪಶ್ರೀಗೆ ನಗು ಬಂತು. ಅದು ಮಿಷನ್ನಿನ ತಪ್ಪಲ್ಲ, ಆದರೆ ಆಸ್ಪತ್ರೆಯ ಸಾಫ್ಟ್‌ವೇರಿನಲ್ಲಿ ಇಂಥದ್ದನ್ನೇ ಮೊದಲು ಯೋಚಿಸಬೇಕು ಎಂದು ಹೇಳಿ, ಒಬ್ಬ ರೋಗಿಯ ವಿವರ ತೆರೆದಿಟ್ಟು ನರ್ಸು ಎದ್ದುಹೋದರೆ ಏನಾಗುತ್ತದೆ ಎಂದು ಕೇಳಿದಳು. ನಿಧಿಯ ಕಣ್ಣು ಅರಳಿತು. ದೇವರಾಜು ತಂದಿಟ್ಟ ಚಿತ್ರಾನ್ನ ತಣ್ಣಗಾಯಿತು. ಎರಡು ಗಂಟೆಯ ಬಸ್ಸು ಹೋಯಿತು, ಮೂರೂವರೆಯದೂ ಹೋಯಿತು. ರೂಪಶ್ರೀಗೆ ಹೇಳಿಕೊಡುವುದು ಚೆನ್ನಾಗಿ ಬರುತ್ತಿತ್ತು, ಆ ಟೆಸ್ಟರ್ ಕೆಲಸ ತನಗೇ ಚೆನ್ನಾಗಿ ಒಪ್ಪುತ್ತಿತ್ತು ಎಂಬುದೂ ಅವತ್ತು ಅವಳಿಗೆ ಗೊತ್ತಾಯಿತು.

ಐದಕ್ಕೆ ಸ್ವಲ್ಪ ಮೊದಲು ನೇತ್ರಾ ಫೋನ್ ಮಾಡಿದಳು. ರೂಪಶ್ರೀ ಅಂಗಡಿಯ ಹೊರಗೆ ಬಂದು ನಿಂತಳು.

“ಇವತ್ತು ಐದು ಗಂಟೆಗೆ ಹೆಸರು ಕಳಿಸ್ಬೇಕು. ರೂಪಾ, ನಿಂಗೇನಾದ್ರೂ ಹೇಳೋದಿದೆಯಾ? ಏನಿದ್ರೂ ಪರವಾಗಿಲ್ಲ.”

ಒಂದು ಕ್ಷಣ ಎಲ್ಲವೂ ನಾಲಿಗೆಯ ತುದಿಗೆ ಬಂತು. ಒಳಗೆ ನಿಧಿ ಅಪ್ಪನಿಗೆ ಏನೋ ಹೇಳಿ ನಗುತ್ತಿದ್ದಳು. ಫೋನಿನಲ್ಲಿ ನೇತ್ರಾಳ ಆಫೀಸಿನ ಸದ್ದು, ಯಾರೋ ಅವಳನ್ನು ‘ನೇತ್ರಾ ಮೇಡಂ’ ಎಂದು ಕರೆದದ್ದು ಕೇಳಿತು. ಆ ಮೇಡಂ ಎಂಬ ಮಾತು ಕಿವಿಗೆ ಬಿದ್ದದ್ದೇ ರೂಪಶ್ರೀ ನಾಲಿಗೆಗೆ ಬಂದದ್ದನ್ನು ನುಂಗಿಕೊಂಡಳು.

“ಏನಿಲ್ಲ. ನಿಧಿ ರೆಡಿ ಆಗವ್ಳೆ. ನಿಮ್ಮ ರಜನೀಶಂಗಿಂತ ಚೆನ್ನಾಗಿ ಮಾಡ್ತಾಳೆ, ಕಳ್ಸು.”

“ರಜನೀಶನಾ?” ಎಂದಳು ನೇತ್ರಾ. ಆಮೇಲೆ, “ಸರಿ” ಎಂದು ಇಟ್ಟಳು.

ಮುಂದಿನ ವಾರ ನಿಧಿಗೆ ಕೆಲಸವಾಯಿತು. ಭಾನುವಾರ ದೇವರಾಜು ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಮೈಸೂರುಪಾಕು ಹಂಚಿದ. ‘ನೀವ್ ಬರ್ದೇ ಇದ್ರೆ ನಾವ್ ಬಾಯಿಗ್ ಹಾಕಲ್ಲ ಕಣವ್ವ’ ಎಂದು ರೂಪಶ್ರೀಯನ್ನು ಕರೆಸಿದ್ದ. ಚನ್ನರಾಯಪಟ್ಟಣದಿಂದ ನೇತ್ರಾಳೂ ಬಂದಿದ್ದಳು. ನಿಧಿ ಇಬ್ಬರ ಕಾಲಿಗೂ ನಮಸ್ಕಾರ ಮಾಡಲು ಬಗ್ಗಿದಳು, ಇಬ್ಬರೂ ಒಟ್ಟಿಗೆ ಹಿಂದೆ ಸರಿದರು. ಮೈಸೂರುಪಾಕು ರೂಪಶ್ರೀಯ ಬಾಯಲ್ಲಿ ಮರಳಿನ ಹಾಗೆ ಆಡಿತು. ಅದನ್ನು ಹೇಗೋ ನುಂಗಿ ಹೊರಟಳು. ನೇತ್ರಾ ಅವಳ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದಳು.

“ಪಾಪ, ರಜನೀಶಂಗೆ ಬೇಜಾರಾಯ್ತೇನೋ” ಎಂದಳು ರೂಪಶ್ರೀ. ತಡೆದುಕೊಳ್ಳಲು ಆಗಿರಲಿಲ್ಲ.

“ರಜನೀಶ ಮೊಬೈಲ್ ಅಂಗಡಿ ಹಾಕ್ಕೊಂಡು ಆರು ತಿಂಗಳಾಯ್ತು. ಅವನ್ಯಾಕೆ ಬಂದ ನಡುವೆ?”

“ಮತ್ತೆ ನಿಧಿಗಿಂತ ಮೊದ್ಲು ಇನ್ನೊಬ್ರು ಅವ್ರೆ ಅಂದಿದ್ಯಂತಲ್ಲ. ಅದ್ಯಾರು?”

ನೇತ್ರಾ ನಿಂತಳು. “ನೀನು ಕಣೇ.”

ಹಾಸನದ ಬಸ್ಸೊಂದು ಇವರನ್ನು ಸವರಿಕೊಂಡೇ ಒಳಗೆ ತಿರುಗಿತು. ರೂಪಶ್ರೀ ಪಕ್ಕಕ್ಕೆ ಸರಿಯಲೂ ಇಲ್ಲ.

“ನೀನು ಕೆಲಸ ಆಗಿದೆ ಅಂದಾಗ ನಂಬಿದ್ದೆ” ಎಂದಳು ನೇತ್ರಾ. “ಸೋಮವಾರ ಸಂಜೆ ಗೊತ್ತಾಯ್ತು. ಹೊಸದಾಗಿ ಕೆಲಸ ಸೇರಿದೋಳು ಸೋಮವಾರ ಹನ್ನೊಂದು ಗಂಟೆಗೆ ಬಂದು ಜೆರಾಕ್ಸ್ ಅಂಗಡೀಲಿ ಹೆಂಗೆ ಕೂತಿರ್ತಾಳೆ? ಮನೆಯಿಂದ ಕೆಲಸ ಅಂದ್ರೂ ಕಂಪ್ಯೂಟರ್ ಮುಂದೆ ಇರ್ಬೇಕಲ್ಲ. ಶನಿವಾರ ಬತ್ತೀನಿ, ಇಲ್ಲಾ ಸಂಜೆ ಫೋನಲ್ಲಿ ಹೇಳ್ಕೊಡ್ತೀನಿ ಅಂತೀಯ ಅಂದ್ಕೊಂಡಿದ್ದೆ. ನಾನು ಮುಯ್ಯಿ ಅಂದ ತಕ್ಷಣ ನೀನು ಹೊರಟುಬಂದೆ.”

ಕಂಪನಿ ಯಾವ ಊರಿನದು, ಕೆಲಸ ಯಾವತ್ತು ಶುರುವಾಯಿತು ಎಂದೆಲ್ಲ ಹೊಂದಿಸಿ ಸುಳ್ಳು ಹೇಳಿದ್ದ ರೂಪಶ್ರೀಗೆ, ಕೆಲಸವಿರುವವರು ಹನ್ನೊಂದು ಗಂಟೆಗೆ ಕೆಲಸ ಮಾಡುತ್ತಿರುತ್ತಾರೆ ಎಂಬುದೇ ಹೊಳೆದಿರಲಿಲ್ಲ. ಮುಯ್ಯಾಳಿಗೆ ಕರೆದರೆ ಇದ್ದ ಕೆಲಸ ಬಿಟ್ಟು ಹೋಗುವ ಮನೆಯಲ್ಲಿ ಬೆಳೆದವಳು. ಇಲ್ಲದ ಕೆಲಸವನ್ನು ಬಿಟ್ಟು ಹೋಗಲು ಅವಳಿಗೆ ಒಂದು ಕ್ಷಣವೂ ಯೋಚನೆ ಬಂದಿರಲಿಲ್ಲ.

“ಗೊತ್ತಿದ್ರೆ ಕೇಳ್ಬೌದಿತ್ತಲ್ಲ” ಎಂದಳು ರೂಪಶ್ರೀ.

“ದಿನಾ ಕೇಳ್ದೆ.”

“ಹಂಗಲ್ಲ. ನಿಂಗೆ ಕೆಲಸ ಇಲ್ಲ ಅಂತ ನಂಗೊತ್ತು, ಹೆಸರು ಕೊಡ್ಲಾ ಅಂತ ನೇರವಾಗಿ ಕೇಳ್ಬೌದಿತ್ತು.”

ನೇತ್ರಾ ಬ್ಯಾಗಿನ ಪಟ್ಟಿಯನ್ನು ಕೈಗೆ ಸುತ್ತಿಕೊಂಡಳು, ಬಿಚ್ಚಿದಳು. “ಕೇಳ್ಬೌದಿತ್ತು. ಬೇಕು ಅಂತ್ಲೇ ಕೇಳ್ಲಿಲ್ಲ.”

“ಯಾಕೆ?”

“ನಾಲ್ಕು ವರ್ಷ ಲ್ಯಾಬಲ್ಲಿ ನಿನ್ನ ಪಕ್ಕ ನಿಂತ್ಕೊಂಡು ‘ಒಂಚೂರು ಹೇಳ್ಕೊಡೇ’ ಅಂತಿದ್ದೆ. ನೀನು ಇಲ್ಲ ಅಂದೋಳಲ್ಲ. ಆದ್ರೆ ಇಡೀ ಲ್ಯಾಬಿಗೆ ಕೇಳೋ ಹಂಗೆ ಹೇಳ್ಕೊಡ್ತಿದ್ದೆ. ‘ಇಷ್ಟೂ ಬರಲ್ವೇನೇ’ ಅಂತಿದ್ದೆ. ಆವಾಗೆಲ್ಲ ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಒಂದೇ ಒಂದು ಸಲ ನೀನು ನನ್ನ ಹತ್ರ ಬಂದು ಕೇಳ್ಲಿ ಅನ್ನಿಸ್ತು. ಶುಕ್ರವಾರ ಐದು ಗಂಟೆ ಆಗೋ ತಂಕ ಕೈಯಲ್ಲಿ ಮೌಸ್ ಹಿಡ್ಕೊಂಡು ಕೂತಿದ್ದೆ. ನೀನು ರಜನೀಶ ಅಂದೆ.”

ರೂಪಶ್ರೀಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದರ ಜೊತೆಯಲ್ಲೇ, ಇವಳೂ ನನ್ನನ್ನು ಕಂಡು ಕರುಬುತ್ತಿದ್ದಳಲ್ಲ ಎಂದು ಒಂದು ಗಳಿಗೆ ಸಂತೋಷವೂ ಆಯಿತು. ಆ ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ತಾನು. ವಾರವಿಡೀ ಯಾರೋ ಒಬ್ಬರ ಮೇಲೆ ಹಲ್ಲು ಕಡಿದಿದ್ದಳು, ಆ ಒಬ್ಬರಿಗೆ ಸಿಗಬೇಕಿದ್ದ ಕೆಲಸ ನಿಜಕ್ಕೂ ತಪ್ಪಿಹೋಗಿತ್ತು.

ಅರಕಲಗೂಡಿನ ಬಸ್ಸು ಬಂದು ನಿಂತಿತು. ಜನ ನುಗ್ಗಿದರು.

“ಇನ್ನೊಂದು ಹೆಸರು ಕೊಡೋಕಾಗುತ್ತಾ?” ಎಂದಳು ರೂಪಶ್ರೀ. ನೆಲ ನೋಡಿಕೊಂಡು ಕೇಳಿದಳು, ಆದರೂ ಕೇಳಿದಳು.

ನೇತ್ರಾಳ ಕಣ್ಣು ತುಂಬಿಕೊಂಡಿತು. “ನಂದು ಮುಗೀತಲ್ಲೇ. ಒಬ್ರಿಗೆ ಒಂದೇ. ದೀಪಾವಳಿ ಹೊತ್ತಿಗೆ ಇನ್ನೊಬ್ರನ್ನ ತಗೋತಾರೆ ಅಂತ ಮಾತಿದೆ. ಆಫೀಸಲ್ಲಿ ಇನ್ನೂ ಹೆಸರು ಕೊಡ್ದೇ ಇರೋಳು ಒಬ್ಳೇ. ನಾಳೆ ಸೇರ್ಕೊಳ್ತಾಳಲ್ಲ, ನಿಧಿ. ಅವಳನ್ನ ಕೇಳು. ನಾನು ಹೇಳ್ಲಾ?”

“ಬೇಡ.”

ಬಸ್ಸು ಹೊರಟಿತು. ರೂಪಶ್ರೀ ಹತ್ತಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ನೇತ್ರಾ ಹಿಂಬಾಲಿಸಲಿಲ್ಲ.

ಅಂಗಡಿಯ ಮುಂದೆ ಜನ ಇದ್ದರು. ನಿಧಿ ಗಿರಾಕಿಯೊಬ್ಬನಿಗೆ ಪ್ರತಿ ತೆಗೆದುಕೊಡುತ್ತಿದ್ದಳು. ನಾಳೆಯಿಂದ ಈ ಕೆಲಸವಿಲ್ಲವೆಂಬ ಸಂಭ್ರಮ ಅವಳ ಮುಖದ ಮೇಲಿತ್ತು. ಅದನ್ನು ಕಂಡು ರೂಪಶ್ರೀ ಮತ್ತೆ ಒಂದು ಸಲ ಕರುಬಿದಳು.

“ಯಾಕ್ ರೂಪಕ್ಕ, ಬಸ್ ತಪ್ಪೋಯ್ತಾ? ಏನಾದ್ರೂ ಮರೆತ್ರಾ?”

ಕೊಡೆ ಮರೆತೆ ಎನ್ನಬಹುದಿತ್ತು. ಚಾರ್ಜರು ಮರೆತೆ ಎನ್ನಬಹುದಿತ್ತು. ದೇವರಾಜು, “ಕುಂತ್ಕಳಿ ಮೇಡಂ” ಎಂದು ಸ್ಟೂಲು ಎಳೆದ. ರೂಪಶ್ರೀ ಕೂರಲಿಲ್ಲ.

“ನಿಧಿ, ನಂಗೆ ಕೆಲಸ ಇಲ್ಲ ಕಣೇ. ಇರ್ಲೇ ಇಲ್ಲ. ಇದೆ ಅಂತ ನೇತ್ರಾಗೆ ಸುಳ್ಳು ಹೇಳಿದ್ದೆ” ಎಂದಳು. ಆಧಾರ್ ಕಾರ್ಡು ಹಿಡಿದು ನಿಂತಿದ್ದವರು ತಿರುಗಿ ನೋಡಿದರು. “ನಾಳೆ ನೀನು ಸೇರಿದ್ಮೇಲೆ ನಿಂಗೂ ಒಂದು ಹೆಸರು ಕೊಡೋಕೆ ಬರುತ್ತಂತೆ. ನಂದು ಕೊಡ್ತೀಯಾ?”

ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಕೇಳಿದಳು.